ತಕ್ಕಡಿಯಪ್ಪ ತೂಗದ ಗಾಳಿ

ಗಾಳಿ ಬಂದಾಗ ತೂರಿಕೊಂಡವರನ್ನು ನಾವೆಲ್ಲ ಬೇಕಾದಷ್ಟು ನೋಡಿದ್ದೇವೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವರಿಗೂ ಕೊರತೆಯಿಲ್ಲ. ಆದರೆ ಗಾಳಿಯನ್ನು ತೂಗಿ ಹೊಟ್ಟೆ ಹೊರೆಯುವವರೂ ಇದ್ದಾರೆ ಎಂದರೆ ಯಾರೂ ಬೇಗ ನಂಬುವುದಿಲ್ಲ. ಇದು ಅಂಥ ಒಬ್ಬನ ಸಂಗತಿ. ಕಚೇರಿಯವರು ಅವನಿಗೆ ತಕ್ಕಡಿಯಪ್ಪ ಎಂದು ಹೆಸರಿಟ್ಟಿದ್ದರು. ತಮಾಷೆಗೆ ಕರೆದದ್ದು ಇಪ್ಪತ್ತು ವರ್ಷದಲ್ಲಿ ಗಟ್ಟಿಯಾಗಿ, ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವನ ಕೆಲಸ ನೋಡುವುದಕ್ಕೆ ಸಣ್ಣದು. ಗಾಜಿನ ನಾರಿನಿಂದ ಮಾಡಿದ ಒಂದು ಬಿಳಿ ಕಾಗದ, ಬರೆಯುವ ಹಾಳೆಯಷ್ಟು ದೊಡ್ಡದು. ಅದನ್ನು ಒಂದು ದಿನ ಒಣ ಪೆಟ್ಟಿಗೆಯಲ್ಲಿಡಬೇಕು, ಚಿಮಟದಲ್ಲಿ ಎತ್ತಿ ಗಾಜಿನ ಬಾಗಿಲಿನ ತಕ್ಕಡಿಯೊಳಗೆ ತೂಗಬೇಕು, ತೂಕವನ್ನು ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಅದನ್ನು ಯಂತ್ರಕ್ಕೆ ಹಾಕಬೇಕು. ಯಂತ್ರವೆಂದರೆ ಎದೆಯೆತ್ತರದ ತಗಡಿನ ಪೆಟ್ಟಿಗೆ, ಮೇಲೊಂದು ಪುಟ್ಟ ಸೂರು, ಒಳಗೆ ಮೋಟಾರು. ಅದು ಬಿಡುವಿಲ್ಲದೆ ಗೊರ್ ಎನ್ನುತ್ತ ಊರಿನ ಗಾಳಿಯನ್ನು ಆ ಕಾಗದದ ಮೂಲಕ ಎಳೆಯುತ್ತದೆ. ಒಂದು ದಿನ ಕಳೆದ ಮೇಲೆ ಕಾಗದವನ್ನು ತೆಗೆದು, ಕೊಳೆ ಒಳಗೆ ಬರುವ ಹಾಗೆ ಮಡಿಸಿ, ಲಕೋಟೆಗೆ ಹಾಕಿ ತಂದು, ಮತ್ತೆ ಒಣಗಿಸಿ ಮತ್ತೆ ತೂಗಬೇಕು. ಎರಡು ತೂಕಗಳ ನಡುವಿನ ವ್ಯತ್ಯಾಸ ಎಷ್ಟೋ ಗಾಳಿಯಲ್ಲಿದ್ದ ಕೊಳೆ ಅಷ್ಟು.

ಈ ಕೆಲಸದಲ್ಲಿ ತಕ್ಕಡಿಯಪ್ಪನಷ್ಟು ಅಚ್ಚುಕಟ್ಟಾದವನು ಇನ್ನೊಬ್ಬನಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಕಾಗದವನ್ನೂ ಬರಿಗೈಯಲ್ಲಿ ಮುಟ್ಟಿದವನಲ್ಲ. ಬೆರಳಿನ ಜಿಡ್ಡಿಗೂ ತೂಕವಿದೆ ಎನ್ನುತ್ತಿದ್ದ. ತೂಗುವ ಕೋಣೆಗೆ ಯಾರು ಬಂದರೂ, ಅವರು ಕೇಳಲಿ ಬಿಡಲಿ, ಒಂದು ಪಾಠ ಹೇಳಿಯೇ ಕಳಿಸುತ್ತಿದ್ದ. "ಮೊದಲನೇ ತೂಕ ಬರೆದಿಟ್ಕೊಂಡಿಲ್ಲ ಅಂದ್ರೆ ಎರಡನೇ ತೂಕಕ್ಕೆ ಅರ್ಥ ಇಲ್ಲ. ಆಮೇಲೆ ಅದು ಬರೀ ಕಪ್ಪು ಕಾಗದ. ಒಲೆಗೆ ಹಾಕೋದೇ." ಕೇಳಿದವರು ತಲೆಯಾಡಿಸಿ ಹೊರಗೆ ಹೋಗಿ ನಗುತ್ತಿದ್ದರು.

ಅವನ ಯಂತ್ರ ಇದ್ದದ್ದು ನಾಲ್ಕು ರಸ್ತೆ ಕೂಡುವಲ್ಲಿನ ಶಾಲೆಯ ಮಾಡಿನ ಮೇಲೆ. ಅದನ್ನು ನೋಡಿಕೊಳ್ಳುವವನು ಹತ್ತಿರವೇ ಇರಲಿ ಎಂದು ಶಾಲೆಯ ಹಿಂಬದಿಯ ಒಂದು ಕೋಣೆಯನ್ನು ಅವನಿಗೆ ಕೊಟ್ಟಿದ್ದರು. ಕೋಣೆಗೆ ಒಂದು ಬಾಗಿಲು, ರಸ್ತೆಯ ಕಡೆಗೆ ಒಂದು ಕಿಟಕಿ. ಕಿಟಕಿಯ ಕೆಳಗೆ ಹೆಂಡತಿಯ ಹೊಲಿಗೆ ಯಂತ್ರ. ಅವಳು ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಿದ್ದಳು. ಹೊರಗೆ ಸರಕು ಲಾರಿಗಳು ಸಿಗ್ನಲ್ಲಿಗೆ ಸಾಲಾಗಿ ನಿಂತು, ಎಂಜಿನ್ ಆರಿಸದೆ, ಹೊಗೆ ಬಿಡುತ್ತಿದ್ದವು. ಬೆಳಿಗ್ಗೆ ಒರೆಸಿದ ಹೊಲಿಗೆ ಯಂತ್ರದ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಿತ್ತು.

ಹತ್ತು ವರ್ಷದ ಹಿಂದೆ ಅವಳಿಗೆ ಬಸಿರು ನಿಂತಿತು. ಎರಡು ಸಲ ಇಳಿದುಹೋದ ಮೇಲೆ ನಿಂತ ಮೂರನೆಯದು. ಗಂಡ ಹೆಂಡತಿ ಇಬ್ಬರೂ ಜೋರಾಗಿ ಉಸಿರಾಡುವುದಕ್ಕೂ ಹೆದರುತ್ತಿದ್ದ ಕಾಲ ಅದು. ಎರಡನೆಯ ತಿಂಗಳಲ್ಲಿ ಅವಳಿಗೆ ನಿದ್ದೆ ಹೋಯಿತು, ಅನ್ನ ಕಂಡರೆ ವಾಂತಿ, ತಲೆ ಸಿಡಿತ.

"ಲಾರಿ ಸದ್ದಾದ್ರೂ ತಡ್ಕೋಬಹುದು ರೀ, ಬರುತ್ತೆ, ಹೋಗುತ್ತೆ. ನಿಮ್ಮ ಪೆಟ್ಟಿಗೆ ನಿಲ್ಲೋದೇ ಇಲ್ವಲ್ಲ. ತಲೆ ಮೇಲೇ ಕೂತಿದೆ. ಒಳಗಿರೋ ಮಗುಗೂ ಕೇಳಿಸುತ್ತೇನೋ" ಎಂದಳು ಒಂದು ದಿನ.

ಅವನು ಆ ದಿನವೇ ಹೋಗಿ ಸಾಹೇಬರ ಮುಂದೆ ನಿಂತ. ಯಂತ್ರವನ್ನು ಕೆಲವು ತಿಂಗಳ ಮಟ್ಟಿಗೆ ಬೇರೆ ಕಡೆ ಇಡಬಹುದೇ ಎಂದು ಅಳುಕುತ್ತ ಕೇಳಿದ. ನಾಲ್ಕು ರಸ್ತೆಯ ಅಂಕಿ ಯಾಕೆ ಇಷ್ಟು ಮೇಲಿದೆ ಎಂದು ಸಾಹೇಬರಿಗೆ ಮೇಲಿನವರಿಂದ ಆಗಲೇ ಮೂರು ಸಲ ಬೈಗುಳ ಬಿದ್ದಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

"ಅದಕ್ಕೇನಂತೆ, ನೀರಿನ ಟ್ಯಾಂಕಿನ ತೋಟದಲ್ಲಿ ಕರೆಂಟ್ ಇದೆ, ಅಲ್ಲಿಡು" ಎಂದರು. "ಅರ್ಜಿ ಗಿರ್ಜಿ ಏನೂ ಬೇಡ. ಪುಸ್ತಕದಲ್ಲಿ ನಾಲ್ಕು ರಸ್ತೆ ಅಂತಲೇ ಬರೀತಿರು. ಹೆರಿಗೆ ಆದ್ಮೇಲೆ ವಾಪಸ್ ತಂದ್ರಾಯ್ತು."

ತಕ್ಕಡಿಯಪ್ಪನೇ ಯಂತ್ರವನ್ನು ಕೈಗಾಡಿಯಲ್ಲಿ ಹೇರಿ, ಕೆಳಗೆ ಕಂಬಳಿ ಹಾಸಿ, ಅರ್ಧ ಗಂಟೆ ತಳ್ಳಿಕೊಂಡು ಹೋದ. ತೋಟದಲ್ಲಿ ಎತ್ತರದ ಮರಗಳು, ಹುಲ್ಲಿಗೆ ಬೆಳಿಗ್ಗೆ ಸಂಜೆ ನೀರು. ಅಲ್ಲಿನ ಮೊದಲ ಕಾಗದ ತುಸು ಹಳದಿಯಾಗಿ ಬಂತು, ಅಷ್ಟೇ. ಅದನ್ನು ನೋಡಿ ಅವನಿಗೆ ನಗು ಬಂತು. ಮನೆಗೆ ಬಂದರೆ ಹೆಂಡತಿ ನಿದ್ದೆ ಮಾಡುತ್ತಿದ್ದಳು. ವಾರಗಟ್ಟಲೆ ನಿದ್ದೆಯಿಲ್ಲದವಳು ಬಾಯಿ ತೆರೆದು ಮಲಗಿದ್ದಳು. ಅವಳನ್ನು ನೋಡುತ್ತ ಅವನು ಬಾಗಿಲಲ್ಲೇ ಕುಳಿತುಬಿಟ್ಟ.

ಇಷ್ಟಕ್ಕೇ ನಿಂತಿದ್ದರೆ ಅವನನ್ನು ಬೈಯುವುದಕ್ಕೆ ನಮಗೂ ಬಾಯಿ ಬರುತ್ತಿರಲಿಲ್ಲ. ನಾಲ್ಕು ರಸ್ತೆಯಲ್ಲಿ ಒಂದು ಹಲಗೆ ಇತ್ತು. ವಾರದ ಅಂಕಿ ನೋಡಿ ಅದಕ್ಕೆ ಕೆಂಪು, ಹಳದಿ ಇಲ್ಲವೇ ಹಸಿರು ತಗಡು ತೂಗುಹಾಕುವುದು ತಕ್ಕಡಿಯಪ್ಪನದೇ ಕೆಲಸ. ಐದು ವರ್ಷ ಕೆಂಪು ಬಿಟ್ಟು ಬೇರೆ ಕಾಣದಿದ್ದ ಹಲಗೆಗೆ ಆ ವಾರ ಅವನು ಹಸಿರು ಹಾಕಿದ. ಆ ಹಸಿರು ಎಲ್ಲಿಯದು ಎಂದು ಅವನಿಗೆ ಗೊತ್ತಿತ್ತು. ಆದರೆ ಮೊಹರು ಬಿದ್ದ ಅಂಕಿಗೆ ಒಂದು ಕೆಟ್ಟ ಗುಣವಿದೆ: ಬರೆದವನೂ ನಾಲ್ಕು ದಿನ ಬಿಟ್ಟು ಅದನ್ನು ನಂಬತೊಡಗುತ್ತಾನೆ. ಎರಡು ವಾರ, ಮೂರು ವಾರ ಹಸಿರು ತಗಡನ್ನು ಹಾಕಿದವನ ಕಣ್ಣಿಗೆ ರಸ್ತೆಯೇ ಸ್ವಲ್ಪ ತಿಳಿಯಾದಂತೆ ಕಂಡಿತು.

"ಕಿಟಕಿ ತೆಗಿ ಕಣೇ, ಗಾಳಿ ಆಡ್ಲಿ" ಎಂದ ಹೆಂಡತಿಗೆ. "ಹಲಗೆ ನೋಡ್ಲಿಲ್ವಾ, ಹಸಿರು ಬಂದಿದೆ. ಮುಚ್ಕೊಂಡು ಕೂತ್ರೆ ಮಗುಗೆ ಒಳ್ಳೇದಲ್ಲ."

ಗಾಳಿ ತೂಗುವ ಗಂಡ ಹೇಳಿದ ಮೇಲೆ ಮುಗಿಯಿತು; ಪೆಟ್ಟಿಗೆ ಹೋದ ಮೇಲೆ ಅಂಕಿ ಎಲ್ಲಿಂದ ಬರುತ್ತದೆ ಎಂದು ಅವಳು ಕೇಳಲಿಲ್ಲ. ಅವಳು ಏಳು ತಿಂಗಳು ಕಿಟಕಿ ತೆಗೆದಿಟ್ಟು, ಅದರ ಕೆಳಗೆ ಕುಳಿತು, ದಿನಕ್ಕೆ ಮೂರು ಸಲ ಹೊಲಿಗೆ ಯಂತ್ರದ ಕರಿ ಒರೆಸುತ್ತ ಅಂಗಿ ಹೊಲಿದಳು. ಆ ಕರಿಬಟ್ಟೆಯನ್ನು ಕಣ್ಣಾರೆ ಕಂಡೂ ಅವನಿಗೆ ತಗಡೇ ದೊಡ್ಡದಾಯಿತು. ಇದನ್ನು ದಡ್ಡತನ ಎನ್ನಬೇಕೋ ಪ್ರೀತಿ ಎನ್ನಬೇಕೋ. ಎರಡೂ ಒಂದೇ ಮನೆಯಲ್ಲಿ ಸಂಸಾರ ಮಾಡುವುದು ಹೊಸದೇನಲ್ಲ.

ಹೆಣ್ಣುಮಗು ಹುಟ್ಟಿತು. ಸಣ್ಣ ಮಗು, ಕಪ್ಪು ಕಣ್ಣು, ದೊಡ್ಡ ಗಂಟಲು. ಮೆಣಸು ಎಂದು ಕರೆದರು. ಯಂತ್ರವನ್ನು ವಾಪಸು ತರಲೇ ಎಂದು ಕೇಳಿದಾಗ ಸಾಹೇಬರು ಹೊಳೆ ದಾಟಿದವರ ಹಾಗೆ ಮಾತಾಡಿದರು. "ಅಲ್ಲೇ ಚೆನ್ನಾಗಿದೆಯಲ್ಲ, ಇರ್ಲಿ ಬಿಡು" ಎಂದರು. ಮುಂದೆ ಅವರು ನಿವೃತ್ತರಾದರು, ಯಂತ್ರ ತೋಟದಲ್ಲೇ ಉಳಿಯಿತು.

ನಾಲ್ಕು ವರ್ಷದವರೆಗೆ ಮೆಣಸು ಹೆಸರಿಗೆ ತಕ್ಕ ಹಾಗೆಯೇ ಇದ್ದಳು. ಐದನೆಯ ವರ್ಷದಲ್ಲಿ ಭಯ ಶುರುವಾಯಿತು. ಮೊದಲು ಗಂಟೆಯ ಸದ್ದಿಗೆ, ಆಮೇಲೆ ಫ್ಯಾನಿಗೆ, ಆಮೇಲೆ ಯಾವುದಕ್ಕೂ ಅಲ್ಲದೆ. ಕೆಲಸದಲ್ಲಿರುವ ಅಮ್ಮನ ಹತ್ತಿರ ಬಂದು ಮೂಗಿನ ಕೆಳಗೆ ಬೆರಳಿಟ್ಟು ನೋಡುವಳು. "ಉಸಿರಾಡ್ತಿದೀಯಾ?" ಎಂದು ಕೇಳುವಳು. ಹೂಂ ಎಂದರೆ ಹೋಗಿ, ಐದು ನಿಮಿಷಕ್ಕೆ ಮತ್ತೆ ಬರುವಳು. ಮೂರನೆಯ ತರಗತಿಗೆ ಬರುವ ಹೊತ್ತಿಗೆ ಹುಡುಗಿ ತರಗತಿಯ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಬಾಗಿಲಲ್ಲಿ ನಿಂತು, ಹುಬ್ಬಿನ ಕೂದಲನ್ನು ಒಂದೊಂದಾಗಿ ಕೀಳುತ್ತ, ಬೆವರುತ್ತಿದ್ದಳು. ಲೆಕ್ಕದಲ್ಲಿ ಮಾತ್ರ ತರಗತಿಗೇ ಮುಂದು. ಬಾಗಿಲಲ್ಲಿ ನಿಂತೇ ಉತ್ತರ ಹೇಳುತ್ತಿದ್ದಳು. ಒಂದು ದಿನ ಊಟದ ನಡುವೆ, "ಅಪ್ಪ, ನಾನು ಇಲ್ದಿದ್ರೆ ನಿಮ್ಗೆಲ್ಲ ಸುಲಭ ಅಲ್ವಾ?" ಎಂದು ಕೇಳಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನಕ್ಕೆ ಎಲ್ಲಿಯೂ ಬರವಿಲ್ಲ. ಅತ್ತೆ, ನಾದಿನಿ, ಶಾಲೆಯ ಟೀಚರು, ಎಲ್ಲರೂ ತಾಯಿಯ ಕಡೆಗೇ ಬೆರಳು ತೋರಿದರು. ಮುದ್ದು ಹೆಚ್ಚಾಯಿತು ಎಂದರು, ಗದರುವುದು ಹೆಚ್ಚಾಯಿತು ಎಂದೂ ಅವರೇ ಅಂದರು. ಅವಳು ಎರಡನ್ನೂ ನಂಬಿದಳು.

ಹೀಗಿರುವಾಗ ಡಾಕ್ಟರಮ್ಮ ಬಂದರು. ನರೆತ ಕೂದಲಿನ, ತಮ್ಮ ಚೀಲವನ್ನು ತಾವೇ ಹೊರುವ ಹೆಂಗಸು. ಊರಿನ ಮುನ್ನೂರು ಮಕ್ಕಳನ್ನು ಸೇರಿಸಿಕೊಂಡು ಒಂದು ಅಧ್ಯಯನ ನಡೆಸುತ್ತಿದ್ದರು. ಮೆಣಸಿನ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ, ಸಣ್ಣ ಕೊಳವೆಯಲ್ಲಿಟ್ಟು ಮುಚ್ಚಿದರು.

"ತಾಯಿ ಬಸುರಿಯಾಗಿದ್ದಾಗ ಉಸಿರಾಡಿದ ಗಾಳಿ ಮಗುವಿನ ಮನಸ್ಸಿನ ಮೇಲೂ ಕೆಲಸ ಮಾಡಿರಬಹುದಾ ಅಂತ ನೋಡ್ತಿದೀವಿ" ಎಂದರು. "ಜೀನ್ ಬದಲಾಗಲ್ಲ. ಅದರ ಮೇಲೆ ಸಣ್ಣ ಸಣ್ಣ ಗುರುತು ಅಂಟ್ಕೊಳ್ಳುತ್ತೆ. ಎಲ್ಲಿ ಗುರುತಿದೆಯೋ ಅಲ್ಲಿ ದೇಹ ಓದೋದನ್ನ ಕಡಿಮೆ ಮಾಡ್ಬಿಡುತ್ತೆ. ಹೆದರಿಕೆ ಆದ್ಮೇಲೆ ಮೈಯನ್ನ ಸಮಾಧಾನ ಮಾಡೋ ಜೀನ್‌ಗಳಿವೆ. ಅವುಗಳ ಮೇಲೇ ಗುರುತು ಬಿದ್ದಿದ್ರೆ, ಮಗುಗೆ ಬಂದ ಹೆದರಿಕೆ ಇಳಿಯೋದು ಕಷ್ಟ ಆಗ್ಬಹುದು."

ಹೊಲಿಯುವವಳಿಗೆ ಅದು ಬೇಗ ಅರ್ಥವಾಯಿತು. "ಬಟ್ಟೆ ಅದೇ, ಸೀಮೆಸುಣ್ಣದ ಗೆರೆ ಬೇರೆ ಅನ್ನಿ" ಎಂದಳು. "ಆದ್ರೆ ಸೀಮೆಸುಣ್ಣ ಕೊಡವಿದ್ರೆ ಹೋಗುತ್ತೆ ಡಾಕ್ಟ್ರೇ. ಇದು?"

"ಕೆಲವು ಹೋಗ್ಬಹುದಮ್ಮ. ಯಾವುದು ಹೋಗುತ್ತೆ, ಹೇಗೆ ಹೋಗುತ್ತೆ, ನಮಗಿನ್ನೂ ಗೊತ್ತಿಲ್ಲ. ಒಂದು ಮಗುನ ತೋರಿಸಿ ಇದು ಗಾಳಿಯಿಂದಲೇ ಆಯ್ತು ಅಂತಾನೂ ಹೇಳೋಕಾಗಲ್ಲ. ನೂರಾರು ಮಕ್ಕಳನ್ನ ಒಟ್ಟಿಗೆ ನೋಡಿದ್ರೆ ಏನಾದ್ರೂ ಕಾಣಬಹುದು, ಅಷ್ಟೇ."

ಆದರೆ ಒಂದನ್ನು ಅವರು ಖಚಿತವಾಗಿ ಹೇಳಿದರು. ಕೆಟ್ಟ ಗಾಳಿಯ ಗುಂಪಿಗೆ ಸೇರಿದ ಮಕ್ಕಳಿಗೆ ಎರಡು ವರ್ಷ, ಪ್ರತಿ ವಾರ, ಮಕ್ಕಳ ಮನಸ್ಸಿನ ವೈದ್ಯೆಯ ಬಳಿ ಚಿಕಿತ್ಸೆ. ಗುಂಪು ಗೊತ್ತಾಗುವವರೆಗೆ ಎಲ್ಲ ಮಕ್ಕಳಿಗೂ ಮೂರು ವಾರ. ಮೆಣಸು ಮೊದಲ ವಾರ ಆ ಕೋಣೆಯ ಬಾಗಿಲಲ್ಲೇ ನಿಂತಳು. ಎರಡನೆಯ ವಾರ ಅಮ್ಮನ ಕೈ ಹಿಡಿದು ಒಳಗೆ ಹೋದಳು. ಮೂರನೆಯ ವಾರ ಕೈ ಬಿಟ್ಟು ಒಬ್ಬಳೇ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ತಾಯಿ ಆ ಮುಚ್ಚಿದ ಬಾಗಿಲನ್ನೇ ನೋಡುತ್ತ ಅತ್ತಳು, ಮನೆಗೆ ಬಂದು ಗಂಡನಿಗೆ ಹೇಳುತ್ತ ಮತ್ತೆ ಅತ್ತಳು. ಎರಡು ವರ್ಷ ಹೀಗೆ ನಡೆದರೆ ಮಗಳು ತರಗತಿಯ ಹೊಸ್ತಿಲನ್ನೂ ದಾಟುತ್ತಾಳೆ ಎಂದು ಆ ದಿನ ಇಬ್ಬರೂ ನಂಬಿದರು.

ಅದಾಗಿ ಹದಿನೈದು ದಿನದಲ್ಲಿ ಪತ್ರ ಬಂತು. ಹೆಂಡತಿ ಓದಿದಳು. ಗರ್ಭದಲ್ಲಿದ್ದ ಕಾಲದ ಅಂಕಿಗಳ ಪ್ರಕಾರ ಮಗು ಶುದ್ಧ ಗಾಳಿಯ ಗುಂಪಿಗೆ ಸೇರಿದೆ, ಈ ಗುಂಪಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಮಾತ್ರ, ಚಿಕಿತ್ಸೆ ಇರುವುದಿಲ್ಲ.

"ಶುದ್ಧ ಗಾಳಿಯಂತೆ" ಎಂದಳು, ಕಿಟಕಿಯ ಕಡೆ ನೋಡಿ. "ಇಲ್ಲಿ. ಎಲ್ಲಿ ರೀ ಇದನ್ನ ಅಳೆದಿದ್ದು?"

ಅಳೆದವನು ಅಲ್ಲೇ ನಿಂತಿದ್ದ.

ಮರುದಿನ ಬೆಳಿಗ್ಗೆ ಅವನು ಡಾಕ್ಟರಮ್ಮನ ಮುಂದೆ ಕುಳಿತು, ಕೈಗಾಡಿಯಿಂದ ಹಿಡಿದು ಹಸಿರು ತಗಡಿನವರೆಗೆ ಎಲ್ಲವನ್ನೂ ಹೇಳಿದ. ಅವರು ನಾಲ್ಕು ರಸ್ತೆಯ ಅಂಕಿಗಳ ಒಂದು ನಕ್ಷೆ ತೆಗೆದು ಮೇಜಿನ ಮೇಲಿಟ್ಟರು. ಗೆರೆ ಮೇಲೆ ಮೇಲೆ ಹೋಗಿ, ಒಂದು ದಿನ ಧೊಪ್ಪನೆ ಕೆಳಗೆ ಬಿದ್ದು, ಅಲ್ಲೇ ಮಲಗಿತ್ತು.

"ಈ ಇಳಿತ ನೋಡಿ ನಾನು ಖುಷಿಪಟ್ಟಿದ್ದೆ" ಎಂದರು ಡಾಕ್ಟರಮ್ಮ. "ಲಾರಿಗಳನ್ನ ಬೇರೆ ದಾರೀಲಿ ಬಿಟ್ರೇನೋ ಅಂದ್ಕೊಂಡೆ."

"ಅದು ತೋಟದ ಗಾಳಿ ಮೇಡಂ. ನನ್ನ ಮಗಳು ಉಸಿರಾಡಿದ್ದು ಅದಲ್ಲ. ಗುಂಪು ಬದಲಾಯಿಸಿ."

"ಬದಲಾಯಿಸೋಕೆ ನನಗೊಂದು ಅಂಕಿ ಬೇಕಲ್ಲ. ಕೆಟ್ಟದಿತ್ತು ಅಂದ್ರೆ ಸಾಲದು. ಎಷ್ಟು ಕೆಟ್ಟದಿತ್ತು?"

ಸಾವಿರಾರು ಕಾಗದ ತೂಗಿದವನ ಬಳಿ ತನ್ನ ಮನೆಯ ಕಿಟಕಿಯ ಗಾಳಿಯ ತೂಕ ಇರಲಿಲ್ಲ. ಬಾಣಂತಿಯಾಗಲಿದ್ದವಳ ನಿದ್ದೆಗಾಗಿ, ಮಗುವಿನ ಪರವಾಗಿ ಸಾಕ್ಷಿ ಹೇಳಬಹುದಾಗಿದ್ದ ಒಂದೇ ಒಂದು ವಸ್ತುವನ್ನು ಅವನೇ ಗಾಡಿಯಲ್ಲಿ ಹೇರಿ ಸಾಗಿಸಿದ್ದ.

ಡಾಕ್ಟರಮ್ಮ ಅವನ ಇಲಾಖೆಗೆ ಬರೆದು ಕೇಳಿದರು. ನಾಲ್ಕು ರಸ್ತೆ ಕೇಂದ್ರವನ್ನು ಎಂದೂ ಸ್ಥಳಾಂತರಿಸಿಲ್ಲ ಎಂಬ ಉತ್ತರ ತಯಾರಾಯಿತು. ಕೆಳಗೆ ಕೇಂದ್ರ ನೋಡಿಕೊಳ್ಳುವವನ ಸಹಿ ಬೇಕಿತ್ತು. ಈಗಿನ ಸಾಹೇಬರು ಕಾಗದವನ್ನು ಅವನ ಮುಂದೆ ಸರಿಸಿದರು.

"ನಾನು ಹಾಕಲ್ಲ ಸಾರ್. ನಾನೇ ತಳ್ಕೊಂಡು ಹೋಗಿದ್ದು" ಎಂದ ತಕ್ಕಡಿಯಪ್ಪ. ಬದುಕಿನಲ್ಲಿ ಮೊದಲ ಸಲ ಸಾಹೇಬರೊಬ್ಬರ ಮುಂದೆ ಇಲ್ಲ ಎಂದಿದ್ದ. ಕೆಲಸ ಹೋಗುತ್ತದೆ ಎಂದುಕೊಂಡಿದ್ದ. ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿಯೇ ಬಂದಿದ್ದ.

ಸಾಹೇಬರು ಸಿಟ್ಟಾಗಲಿಲ್ಲ. "ಸರಿ ಬಿಡಪ್ಪ" ಎಂದು ಕಾಗದ ತೆಗೆದುಕೊಂಡು ಪಕ್ಕದ ಮೇಜಿಗೆ ಕೊಟ್ಟರು. ಪಕ್ಕದ ಮೇಜಿನವನು ಚಹಾ ಕುಡಿಯುತ್ತ ಸಹಿ ಹಾಕಿದ.

ಈಗ ಡಾಕ್ಟರಮ್ಮನ ಮುಂದೆ ಎರಡು ಮಾತುಗಳಿದ್ದವು: ಮೊಹರು ಬಿದ್ದ ಸುಳ್ಳು ಮತ್ತು ಅಂಕಿಯಿಲ್ಲದ ನಿಜ. ಅವರು ಪ್ರಾಮಾಣಿಕರು, ಅದೇ ಮುಳುವಾಯಿತು. ನಾಲ್ಕು ರಸ್ತೆಯ ನಲವತ್ತೊಂದು ಮಕ್ಕಳನ್ನೂ ಅಧ್ಯಯನದಿಂದ ಕೈಬಿಟ್ಟರು. ಯಾವ ಗಾಳಿ ಎಂದು ಗೊತ್ತಿಲ್ಲದ ಮಕ್ಕಳಿಗೆ ಗುಂಪಿಲ್ಲ. ಬೇರೆ ಕಡೆ ಚಿಕಿತ್ಸೆ ಸಿಗುತ್ತದೆಯೇ ಎಂದು ನಾಲ್ಕು ಕಡೆ ಪತ್ರ ಬರೆದುಕೊಟ್ಟರು. ನಾಲ್ಕು ಕಡೆಯೂ ಕಾಯುವವರ ಸಾಲು ವರ್ಷ ದಾಟಿತ್ತು. ನಿಜ ಹೇಳಿದ್ದರಿಂದ ಮೆಣಸಿಗೆ ವರ್ಷಕ್ಕೊಮ್ಮೆ ಇದ್ದ ಪರೀಕ್ಷೆಯೂ ಹೋಯಿತು, ಬೀದಿಯ ಉಳಿದ ನಲವತ್ತು ಮನೆಯ ತಾಯಂದಿರು ಅವನ ಮುಖ ನೋಡುವುದನ್ನು ಬಿಟ್ಟರು.

ಹೆಂಡತಿಗೆ ಅವನು ಎಲ್ಲವನ್ನೂ ಹೇಳಿದ್ದು ಆಮೇಲೆ. ಅವಳು ಅಂಗಿಗೆ ತೋಳು ಕೂಡಿಸುತ್ತಿದ್ದಳು. ಕೇಳಿ ಮುಗಿದ ಮೇಲೆ ಎದ್ದು ಕಿಟಕಿ ಮುಚ್ಚಿದಳು, ಬಂದು ಕುಳಿತಳು.

"ನಾಲ್ಕು ವರ್ಷದಿಂದ ಹುಡುಕ್ತಿದೀನಿ, ಎಲ್ಲಿ ತಪ್ಪು ಮಾಡ್ದೆ ಅಂತ" ಎಂದಳು. "ಯಾವತ್ತು ಜೋರಾಗಿ ಬೈದೆ, ಯಾವತ್ತು ಅತ್ತಾಗ ಎತ್ಕೊಳ್ಲಿಲ್ಲ ಅಂತ. ನಿಮ್ಮ ಅಮ್ಮ ಅಂದಿದ್ದೆಲ್ಲ ಕೇಳಿಸ್ಕೊಂಡೆ. ನೀವು ಪಕ್ಕದಲ್ಲೇ ಇದ್ರಿ."

"ಇದ್ರಿಂದ ಹೀಗಾಗ್ಬಹುದು ಅಂತ ಯಾರಿಗೆ ಗೊತ್ತಿತ್ತು ಕಣೇ? ಡಾಕ್ಟ್ರಿಗೇ ಗೊತ್ತಿಲ್ಲ."

"ಇದು ಗೊತ್ತಿರ್ಲಿಲ್ಲ. ಆ ಹಸಿರು ಸುಳ್ಳು ಅಂತ ಗೊತ್ತಿತ್ತಲ್ಲ."

ಅಷ್ಟು ಹೇಳಿ ತೋಳಿನ ಹೊಲಿಗೆ ಮುಂದುವರಿಸಿದಳು. ಆಮೇಲೆ ಅವಳು ಜಗಳವಾಡಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಉಪ್ಪು ಮುಗಿದಿದೆ, ನೀರು ಬಂದಿದೆ ಎನ್ನುವಷ್ಟು ಮಾತು ಮಾತ್ರ ಉಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಜನ ಹೇಳುತ್ತಾರಲ್ಲ, ಆ ಬುದ್ಧಿಯಿಂದ ಏನು ಮಾಡಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಶಾಲೆ ಮೆಣಸಿನ ಹೆಸರು ತೆಗೆದುಹಾಕಿತು. ಅವಳು ಅಪ್ಪನ ಜೊತೆ ತೂಗುವ ಕೋಣೆಗೆ ಹೋಗತೊಡಗಿದಳು. ಗಾಳಿಯಾಡಬಾರದ ಕೋಣೆ ಅದು, ಫ್ಯಾನಿಲ್ಲ, ಗಂಟೆಯಿಲ್ಲ, ಮಾತಿಲ್ಲ. ಅಲ್ಲಿ ಅವಳು ಹುಬ್ಬು ಕೀಳುತ್ತಿರಲಿಲ್ಲ. ಚಿಮಟ ಹಿಡಿಯುವುದನ್ನು ಒಂದೇ ದಿನದಲ್ಲಿ ಕಲಿತಳು. ಅಪ್ಪನ ಹಳೆಯ ಪಾಠವನ್ನು ನೂರು ಸಲ ಕೇಳಿ ಬಾಯಿಪಾಠ ಮಾಡಿಕೊಂಡಳು.

ಒಂದು ರಜೆಯ ದಿನ ತಕ್ಕಡಿಯಪ್ಪ ಉಗ್ರಾಣದ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಯಂತ್ರವೊಂದನ್ನು ಸರಿಮಾಡಿ, ಖಾಲಿ ಶಾಲೆಯ ಮಾಡಿಗೆ ಹೊತ್ತ. ಯಾಕೆ ಎಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಆ ಅಂಕಿಯನ್ನು ಈಗ ಕೇಳುವವರು ಯಾರೂ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಹಾಕಿದ ಕಾಗದವನ್ನು ಮಧ್ಯಾಹ್ನ ಎರಡಕ್ಕೆ ತೆಗೆದಾಗ ಅದು ಬಾಣಲೆಯ ತಳದಷ್ಟು ಕಪ್ಪಾಗಿತ್ತು.

ಒಣಗಿಸಿ, ಮರುದಿನ ತೂಗಿದರು. ಮೆಣಸು ಎರಡು ತೂಕಗಳನ್ನು ಒಂದರ ಕೆಳಗೊಂದು ಬರೆದು ಕಳೆದಳು. ಉತ್ತರವನ್ನು ಬೆರಳಿಟ್ಟು ಓದಿದಳು.

"ಆರು ಗಂಟೆಗೆ ಇಷ್ಟಾ ಅಪ್ಪ?"

"ಹೂಂ."

"ನಾನು ಅಮ್ಮನ ಹೊಟ್ಟೇಲಿ ಎಷ್ಟು ದಿನ ಇದ್ದೆ?"

"ಒಂಬತ್ತು ತಿಂಗಳು ಮಗಳೇ."

ಅವಳು ಪೆನ್ಸಿಲನ್ನು ಪುಸ್ತಕದ ಮೇಲಿಟ್ಟಳು. ಒಂದೇ ಕೋಣೆಯ ಮನೆಯಲ್ಲಿ ದೊಡ್ಡವರು ಆಡಿದ ಮಾತು ಮಕ್ಕಳ ಕಿವಿಗೆ ಬೀಳದೆ ಇರುವುದಿಲ್ಲ.

"ನನ್ನ ಮೊದಲನೇ ತೂಕ ಯಾರ ಹತ್ರ ಇದೆ?"

"ಯಾರ ಹತ್ರಾನೂ ಇಲ್ಲಮ್ಮ" ಎಂದ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಹಾಗಾದ್ರೆ ನಾನು ಬರೀ ಕಪ್ಪು ಕಾಗದ" ಎಂದಳು ಮೆಣಸು. ಅಳಲಿಲ್ಲ. ಅಪ್ಪ ಕಲಿಸಿದ ಪಾಠವನ್ನು ಒಪ್ಪಿಸುವವಳಂತೆ ಹೇಳಿ, ಚಿಮಟ ತೆಗೆದುಕೊಂಡು, ಕೊಳೆ ಒಳಗೆ ಬರುವ ಹಾಗೆ ಕಾಗದವನ್ನು ಅಚ್ಚುಕಟ್ಟಾಗಿ ಮಡಿಸಿ ಲಕೋಟೆಗೆ ಹಾಕಿದಳು.